ಯಾವ ಮ್ಯೂಸಿಯಂ ಎಷ್ಟು ಭದ್ರ? ಸೈಬರ್ ಸುರಕ್ಷತೆಯ ಹೋಲಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ಲಂಡನ್, ಪ್ಯಾರಿಸ್, ಬಾಸ್ಟನ್‌ಗಳಿಂದ ಒಂದರ ಬೆನ್ನಿಗೆ ಒಂದರಂತೆ ಸುದ್ದಿಗಳು ಬರುತ್ತಿವೆ. ಎಲ್ಲೋ ಗ್ರಂಥಸೂಚಿ ಕಾಣೆಯಾಗುತ್ತದೆ, ಎಲ್ಲೋ ಟಿಕೆಟ್ ಯಂತ್ರ ನಿಲ್ಲುತ್ತದೆ, ಎಲ್ಲೋ ಕ್ಯಾಮೆರಾ ಕುರುಡಾಗುತ್ತದೆ. ಹಾಗಾದಾಗಲೆಲ್ಲ ಯಾವ ಮ್ಯೂಸಿಯಂ ಸುರಕ್ಷಿತ, ಯಾವುದು ಅಲ್ಲ ಎಂಬ ಪಟ್ಟಿ ಕೇಳುವವರು ಹೆಚ್ಚುತ್ತಾರೆ. ಅಂಥ ಪಟ್ಟಿಗಳೂ ಇವೆ. ಅವನ್ನು ಓದುವುದು ಹೇಗೆ, ಎಷ್ಟು ನಂಬುವುದು ಎಂಬುದಕ್ಕೆ ಇಲ್ಲಿ ಉತ್ತರಗಳಿವೆ.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಈಜಿಪ್ಟಿನ ರೊಸೆಟ್ಟಾ ಶಿಲೆಯನ್ನು ಯಾವ ಹ್ಯಾಕರ್ ಕದಿಯಬಲ್ಲ? ಮ್ಯೂಸಿಯಂಗೆ ಈ ಚಿಂತೆ ಏಕೆ?

ಮುಕ್ಕಾಲು ಟನ್ ತೂಗುವ ಕಲ್ಲನ್ನು ಇಂಟರ್ನೆಟ್ ತಂತಿಯಲ್ಲಿ ಯಾರೂ ಎಳೆದೊಯ್ಯಲಾರರು, ನಿಜ. ಆದರೆ ಆ ಕಲ್ಲು ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಬಂತು, ಯಾವ ಷರತ್ತಿನ ಮೇಲೆ ಬಂತು, ಅದರ ವಿಮೆ ಎಷ್ಟು ಎಂಬುದೆಲ್ಲ ಇರುವುದು ದಾಖಲೆಯಲ್ಲಿ. ದಾಖಲೆ ಹೋದರೆ ಮುಂದೊಂದು ದಿನ ವಸ್ತುವೂ ಹೋಗುತ್ತದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಆದದ್ದೇ ಇದು. ಅಲ್ಲಿನ ಸುಮಾರು 2,000 ವಸ್ತುಗಳು ಕಾಣೆಯಾಗಿವೆ ಅಥವಾ ಹಾಳಾಗಿವೆ ಎಂಬುದು 2023ರ ಆಗಸ್ಟ್‌ನಲ್ಲಿ ಬಯಲಾಯಿತು. ಅವುಗಳಲ್ಲಿ ಅನೇಕ ವಸ್ತುಗಳಿಗೆ ಸರಿಯಾದ ದಾಖಲೆಯೇ ಇರಲಿಲ್ಲ. ಲೆಕ್ಕಕ್ಕೆ ಸಿಗದ ವಸ್ತು ಕಳೆದುಹೋದರೆ ಯಾರಿಗೆ ತಿಳಿಯಬೇಕು? ಇಡೀ ಸಂಗ್ರಹವನ್ನು ಐದು ವರ್ಷಗಳಲ್ಲಿ ಡಿಜಿಟಲ್ ದಾಖಲೆಗೆ ಏರಿಸುತ್ತೇವೆ ಎಂದು ಆ ಸಂಸ್ಥೆ ಅದೇ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

ಒಳ್ಳೆಯ ನಿರ್ಧಾರವೇ. ಆದರೆ ದಾಖಲೆ ಕಂಪ್ಯೂಟರಿಗೆ ಹೋದಷ್ಟೂ ಕಾವಲೂ ಅಲ್ಲಿಗೆ ಹೋಗಬೇಕಾಗುತ್ತದೆ. ದಾನಿಗಳ ಬ್ಯಾಂಕ್ ವಿವರ, ಸಿಬ್ಬಂದಿಯ ಪಾಸ್‌ಪೋರ್ಟ್ ಪ್ರತಿ, ಉಗ್ರಾಣದಲ್ಲಿ ಯಾವ ಕಪಾಟಿನಲ್ಲಿ ಏನಿದೆ ಎಂಬ ಮಾಹಿತಿ, ಬಾಗಿಲು ತೆರೆಯುವ ಕಾರ್ಡಿನ ವ್ಯವಸ್ಥೆ, ಕ್ಯಾಮೆರಾ, ಕೋಣೆಯ ಉಷ್ಣಾಂಶ ಕಾಯುವ ಯಂತ್ರ, ಎಲ್ಲವೂ ಇಂದು ಜಾಲದ ಮೇಲೆಯೇ ಇವೆ.

ಸಂಸ್ಥೆಗಳಿಗೆ ಅಂಕ ಕೊಡುವ ಕಂಪನಿಗಳು ಏನನ್ನು ನೋಡಿ ಅಂಕ ಕೊಡುತ್ತವೆ?

ಮುಖ್ಯವಾಗಿ ಹೊರಗಿನಿಂದ ಕಾಣುವುದನ್ನು. ಸೆಕ್ಯುರಿಟಿ ಸ್ಕೋರ್‌ಕಾರ್ಡ್ ಎಂಬ ಕಂಪನಿ 'ಎ'ಯಿಂದ 'ಎಫ್'ವರೆಗೆ ದರ್ಜೆ ಕೊಡುತ್ತದೆ. ಬಿಟ್‌ಸೈಟ್ 250ರಿಂದ 900ರ ನಡುವೆ ಅಂಕ ಕೊಡುತ್ತದೆ. ಅಪ್‌ಗಾರ್ಡ್‌ನ ಗರಿಷ್ಠ ಅಂಕ 950. ಇವು ಸಂಸ್ಥೆಯ ಒಳಗೆ ಕಾಲಿಡುವುದಿಲ್ಲ. ಜಾಲತಾಣದ ಪ್ರಮಾಣಪತ್ರ ಸರಿಯಾಗಿದೆಯೇ, ಸರ್ವರ್‌ನ ಯಾವ ಯಾವ ಪೋರ್ಟ್‌ಗಳು, ಅಂದರೆ ಹೊರಗಿನಿಂದ ಸಂಪರ್ಕಿಸುವ ದ್ವಾರಗಳು, ತೆರೆದಿವೆ, ತಂತ್ರಾಂಶ ಹಳೆಯದೇ, ಸಂಸ್ಥೆಯ ಹೆಸರಿನಲ್ಲಿ ಸುಳ್ಳು ಇಮೇಲ್ ಕಳಿಸದಂತೆ ತಡೆಯುವ ಎಸ್‌ಪಿಎಫ್, ಡಿಮಾರ್ಕ್ ದಾಖಲೆಗಳಿವೆಯೇ, ಸಿಬ್ಬಂದಿಯ ಪಾಸ್‌ವರ್ಡ್‌ಗಳು ಹಿಂದಿನ ಸೋರಿಕೆಗಳಲ್ಲಿ ಸಿಕ್ಕಿವೆಯೇ ಎಂದು ನೋಡಿ ಕೂಡಿ ಕಳೆಯುತ್ತವೆ.

ಬೀದಿಯಲ್ಲಿ ನಡೆಯುತ್ತ ಮನೆಗಳ ಗೇಟು ನೋಡಿದಂತೆ ಇದು. ಗೇಟಿಗೆ ಚಿಲಕವಿಲ್ಲ ಎಂಬುದು ತಿಳಿಯಬೇಕಾದ ಸಂಗತಿಯೇ. ಹಿತ್ತಲ ಬಾಗಿಲಿನ ಬೀಗದ ಕೈ ಯಾರ ಬಳಿ ಇದೆ ಎಂಬುದು ಮಾತ್ರ ಬೀದಿಯಿಂದ ಕಾಣುವುದಿಲ್ಲ.

ಹೆಚ್ಚು ಅಂಕ ಪಡೆದ ಮ್ಯೂಸಿಯಂ ಹೆಚ್ಚು ಸುರಕ್ಷಿತ ಎನ್ನಬಹುದಲ್ಲವೇ?

ಅವಸರ ಬೇಡ. ಒಂದು ಪುಟ್ಟ ಮ್ಯೂಸಿಯಂಗೆ ನಾಲ್ಕು ಪುಟಗಳ ಜಾಲತಾಣವಿದೆ, ಅಷ್ಟೇ. ತಪ್ಪು ಹುಡುಕಲು ಅಲ್ಲಿ ಜಾಗವೇ ಇಲ್ಲ, ಅಂಕ ಸಲೀಸಾಗಿ ಬರುತ್ತದೆ. ದೊಡ್ಡ ಮ್ಯೂಸಿಯಂಗೆ ಟಿಕೆಟ್, ಅಂಗಡಿ, ಶಾಲಾ ಮಕ್ಕಳ ಕಾರ್ಯಕ್ರಮ, ಹತ್ತು ವರ್ಷದ ಹಿಂದಿನ ಪ್ರದರ್ಶನ, ಹೀಗೆ ಒಂದೊಂದಕ್ಕೂ ಒಂದೊಂದು ಉಪತಾಣ. ಅದರಲ್ಲಿ ಮೂರನ್ನು ಎಲ್ಲರೂ ಮರೆತಿರುತ್ತಾರೆ. ಅಂಕ ಇಳಿಯುವುದು ಆ ಮೂರರಿಂದ. ಮರೆತ ತಾಣ ಅಪಾಯಕಾರಿಯೇ, ಆದರೆ ಇಬ್ಬರಿಗೂ ಒಂದೇ ಅಳತೆಗೋಲು ಹಿಡಿದರೆ ನ್ಯಾಯವಾಗುವುದಿಲ್ಲ.

ಇನ್ನೊಂದು ತೊಡಕಿದೆ. ಎಷ್ಟೋ ಸರ್ಕಾರಿ ಮ್ಯೂಸಿಯಂಗಳ ಜಾಲತಾಣ ಅವುಗಳ ಕಟ್ಟಡದಲ್ಲಿ ಇರುವುದೇ ಇಲ್ಲ. ಸರ್ಕಾರದ ಸಾಮಾನ್ಯ ದತ್ತಾಂಶ ಕೇಂದ್ರದಲ್ಲೋ ಖಾಸಗಿ ಹೋಸ್ಟಿಂಗ್ ಕಂಪನಿಯಲ್ಲೋ ಇರುತ್ತದೆ. ಆಗ ಬರುವ ಅಂಕದ ಬಹುಪಾಲು ಸಲ್ಲಬೇಕಾದದ್ದು ಆ ಕೇಂದ್ರಕ್ಕೆ. ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಮೇಜಿನ ಮೇಲಿನ ಕಂಪ್ಯೂಟರ್ ಹೇಗಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ನಾನೊಮ್ಮೆ ಒಂದು ಸಣ್ಣ ಊರಿನ ಸಂಗ್ರಹಾಲಯಕ್ಕೆ ಹೋಗಿದ್ದೆ, ಹೆಸರು ಬೇಡ. ಜಾಲತಾಣ ನೋಡಿದರೆ ಎಲ್ಲವೂ ಅಚ್ಚುಕಟ್ಟು. ಒಳಗೆ, ಸಂಗ್ರಹದ ಪಟ್ಟಿ ಇದ್ದ ಏಕೈಕ ಕಂಪ್ಯೂಟರಿನ ಪರದೆಯ ಅಂಚಿಗೆ ಪಾಸ್‌ವರ್ಡ್ ಬರೆದ ಹಳದಿ ಚೀಟಿ ಅಂಟಿಸಿತ್ತು. ಪಕ್ಕದಲ್ಲೇ ಸಂಗ್ರಹಕ್ಕೆ ಬಂದ ವಸ್ತುಗಳನ್ನು ಬರೆದಿಡುವ ಕೆಂಪು ರಟ್ಟಿನ ಹಳೆಯ ಅಕ್ಸೆಷನ್ ರಿಜಿಸ್ಟರ್ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಭದ್ರವಾಗಿತ್ತು. ನನಗೆ ಆ ರಿಜಿಸ್ಟರ್ ಮೇಲೆಯೇ ಹೆಚ್ಚು ನಂಬಿಕೆ ಬಂತು.

ಮ್ಯೂಸಿಯಂ ಮಾತು ಬಂದಾಗಲೆಲ್ಲ ಬ್ರಿಟಿಷ್ ಲೈಬ್ರರಿಯನ್ನು ಏಕೆ ಎಳೆದು ತರುತ್ತಾರೆ? ಅದು ಗ್ರಂಥಾಲಯವಲ್ಲವೇ?

ಗ್ರಂಥಾಲಯವೇ. ಆದರೆ ಅದರ ಸಂಗ್ರಹದ ಬೇರು ಬ್ರಿಟಿಷ್ ಮ್ಯೂಸಿಯಂನಲ್ಲಿದೆ, 1973ರವರೆಗೆ ಅದು ಆ ಮ್ಯೂಸಿಯಂನ ಭಾಗವೇ ಆಗಿತ್ತು. ಟಿಪ್ಪು ಸುಲ್ತಾನ್ ತನ್ನ ಕನಸುಗಳನ್ನು ಪರ್ಷಿಯನ್ ಭಾಷೆಯಲ್ಲಿ ಬರೆದಿಟ್ಟ ಹಸ್ತಪ್ರತಿ ಇರುವುದು ಅಲ್ಲಿ. ಮೈಸೂರು ಸೀಮೆಯನ್ನು ಸರ್ವೆ ಮಾಡಿದ ಕಾಲಿನ್ ಮೆಕೆಂಜಿಯ ಚಿತ್ರಸಂಗ್ರಹವೂ ಅಲ್ಲೇ. ಹಾಗಾಗಿ ಅಲ್ಲಿನ ಕಂಪ್ಯೂಟರ್ ನಿಂತರೆ ನಮ್ಮ ಇತಿಹಾಸ ಸಂಶೋಧಕರ ಕೆಲಸವೂ ನಿಲ್ಲುತ್ತದೆ.

2023ರ ಅಕ್ಟೋಬರ್ 28, ಶನಿವಾರ. ರೈಸಿಡಾ ಎಂಬ ಸುಲಿಗೆಕೋರರ ಗುಂಪು ಅದರ ಜಾಲವನ್ನು ಕೆಡವಿತು. ಕಡತಗಳನ್ನು ಗೂಢಲಿಪಿಗೆ ತಿರುಗಿಸಿದ್ದಲ್ಲದೆ, ಮತ್ತೆ ಎದ್ದು ನಿಲ್ಲದಂತೆ ಕೆಲವು ಸರ್ವರ್‌ಗಳನ್ನೇ ನಾಶ ಮಾಡಿತು. ಕದ್ದ ಮಾಹಿತಿಗೆ 20 ಬಿಟ್‌ಕಾಯಿನ್, ಎಂದರೆ ಆಗಿನ ಬೆಲೆಯಲ್ಲಿ ಸುಮಾರು ಆರು ಲಕ್ಷ ಪೌಂಡ್ ಬೆಲೆ ಕಟ್ಟಿತು. ಲೈಬ್ರರಿ ಕೊಡಲಿಲ್ಲ. ಗುಂಪು ಸುಮಾರು 600 ಗಿಗಾಬೈಟ್ ಮಾಹಿತಿಯನ್ನು ಹರಾಜಾಗದ ಸರಕಿನಂತೆ ಬೀದಿಗೆ ಎಸೆಯಿತು. ಮುಖ್ಯ ಗ್ರಂಥಸೂಚಿ ಮತ್ತೆ ಕಂಡದ್ದು 2024ರ ಜನವರಿ 15ರಂದು, ಅದೂ ಹುಡುಕಿ ಓದಲು ಮಾತ್ರ. ಹನ್ನೊಂದು ವಾರಗಳ ಕಾಲ ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲೊಂದಕ್ಕೆ ತನ್ನ ಬಳಿ ಏನಿದೆ ಎಂದು ಓದುಗರಿಗೆ ತೋರಿಸಲು ಆಗಲಿಲ್ಲ. ಗ್ರಂಥಾಲಯಗಳಿಂದ ಎರವಲು ಹೋದ ಪುಸ್ತಕಗಳಿಗಾಗಿ ಲೇಖಕರಿಗೆ ಸಲ್ಲಬೇಕಿದ್ದ ಹಣವೂ ತಡವಾಯಿತು.

ಒಳಗೆ ಬಂದದ್ದು ಎಲ್ಲಿಂದ? ಬಹುಶಃ 2020ರ ಫೆಬ್ರವರಿಯಲ್ಲಿ ಹೊರಗಿನ ಗುತ್ತಿಗೆದಾರರ ಅನುಕೂಲಕ್ಕೆಂದು ಇಟ್ಟ ಒಂದು ಸರ್ವರ್‌ನಿಂದ ಎಂದು ಲೈಬ್ರರಿಯ ವರದಿ ಹೇಳುತ್ತದೆ. ಬೇರೆಡೆ ಎರಡನೆಯ ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಜೊತೆಗೆ ಮೊಬೈಲಿಗೆ ಬರುವ ಸಂಕೇತದಂಥ ವ್ಯವಸ್ಥೆ, ಜಾರಿಗೆ ಬಂದಿತ್ತು. ಖರ್ಚು, ತೊಡಕು ಎಂದು ಈ ಬಾಗಿಲನ್ನು ಬಿಟ್ಟಿದ್ದರು. ದಾಳಿಗೆ ಎರಡು ದಿನ ಮೊದಲೇ ಮಧ್ಯರಾತ್ರಿಯ ಹೊತ್ತಿನಲ್ಲಿ ಒಂದು ಎಚ್ಚರಿಕೆಯೂ ಬಂದಿತ್ತು. ಖಾತೆಯನ್ನು ತಡೆದು, ಪಾಸ್‌ವರ್ಡ್ ಬದಲಿಸಿ, ಮತ್ತೆ ತೆರೆದುಕೊಟ್ಟಿದ್ದರು.

ನನಗೆ ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ಡಿಜಿಟಲ್ ಸಂಗ್ರಹದ ಬ್ಯಾಕಪ್ ಪ್ರತಿಗಳು ಸುರಕ್ಷಿತವಾಗಿದ್ದವು. ಆದರೆ ಅವನ್ನು ಇಳಿಸಿಕೊಳ್ಳಲು ಸರಿಯಾದ ಯಂತ್ರವ್ಯವಸ್ಥೆ ಉಳಿದಿರಲಿಲ್ಲ, ಹಳೆಯ ತಂತ್ರಾಂಶಗಳನ್ನು ಮತ್ತೆ ಚಾಲೂ ಮಾಡಲು ಸಾಧ್ಯವೇ ಇರಲಿಲ್ಲ. ಕಣಜದಲ್ಲಿ ಭತ್ತವಿದೆ, ಒರಳು ಸುಟ್ಟುಹೋಗಿದೆ, ಅಂಥ ಪರಿಸ್ಥಿತಿ.

ಆ ಲೈಬ್ರರಿಗೆ ಯಾವ ಪ್ರಮಾಣಪತ್ರವೂ ಇರಲಿಲ್ಲವೇ?

ಇತ್ತು. ಸೈಬರ್ ಎಸೆನ್ಷಿಯಲ್ಸ್ ಪ್ಲಸ್ ಎಂಬ ಬ್ರಿಟನ್ನಿನ ಸೈಬರ್ ಭದ್ರತಾ ಮಾನ್ಯತೆ 2019ರಲ್ಲಿ ಸಿಕ್ಕಿತ್ತು. 2022ರಲ್ಲಿ ಮಾನದಂಡ ಬಿಗಿಯಾದಾಗ ಹಳೆಯ ಯಂತ್ರಗಳಿಂದಾಗಿ ಅದು ಕೈತಪ್ಪಿತು. ಪ್ರಮಾಣಪತ್ರ ಇದೆಯೇ ಎಂದು ಕೇಳುವವರು ಅದರ ಮೇಲಿನ ದಿನಾಂಕವನ್ನೂ ಓದಬೇಕು.

ಮ್ಯೂಸಿಯಂ ತಾನು ಎಚ್ಚರವಾಗಿದ್ದರೂ ಪೆಟ್ಟು ತಿನ್ನಬಹುದೇ?

ಧಾರಾಳವಾಗಿ. 2023ರ ಡಿಸೆಂಬರ್ ಕೊನೆಯಲ್ಲಿ ಗ್ಯಾಲರಿ ಸಿಸ್ಟಮ್ಸ್ ಎಂಬ ಕಂಪನಿಯ ಮೇಲೆ ಸುಲಿಗೆ ದಾಳಿಯಾಯಿತು. ನೂರಾರು ಮ್ಯೂಸಿಯಂಗಳು ತಮ್ಮ ಸಂಗ್ರಹವನ್ನು ನಿರ್ವಹಿಸುವುದು, ಆನ್‌ಲೈನಿನಲ್ಲಿ ತೋರಿಸುವುದು ಇದರ ತಂತ್ರಾಂಶದಿಂದ. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂ, ನ್ಯೂಯಾರ್ಕಿನ ರೂಬಿನ್, ಆರ್ಕನ್ಸಾಸ್‌ನ ಕ್ರಿಸ್ಟಲ್ ಬ್ರಿಡ್ಜಸ್‌ನ ಆನ್‌ಲೈನ್ ಸಂಗ್ರಹಗಳು ಒಂದೇ ಏಟಿಗೆ ಮರೆಯಾದವು. ಅದೇ ಕಂಪನಿಯ ತಂತ್ರಾಂಶವಿದ್ದರೂ ದತ್ತಾಂಶವನ್ನು ತಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಂಡಿದ್ದ ಮೆಟ್ರೊಪಾಲಿಟನ್ ಮತ್ತು ವಿಟ್ನಿ ಮ್ಯೂಸಿಯಂಗಳು ಪಾರಾದವು.

ಹಾಗಾದರೆ ಎಲ್ಲವನ್ನೂ ಮನೆಯಲ್ಲೇ ಇಟ್ಟುಕೊಳ್ಳುವುದು ಮೇಲೆಂದು ತೀರ್ಮಾನಿಸಬೇಡಿ. ಬ್ರಿಟಿಷ್ ಲೈಬ್ರರಿಯಲ್ಲಿ ಸುಟ್ಟದ್ದು ಮನೆಯೊಳಗಿನ ಹಳೆಯ ಯಂತ್ರಗಳು, ಕ್ಲೌಡ್‌ನಲ್ಲಿ, ಅಂದರೆ ಹೊರಗಿನ ಕಂಪನಿಯ ಸರ್ವರ್‌ನಲ್ಲಿ, ಇದ್ದ ಹಣಕಾಸು ಮತ್ತು ಸಂಬಳದ ವ್ಯವಸ್ಥೆಗೆ ಏನೂ ಆಗಲಿಲ್ಲ. ಒಂದೆಡೆ ಗೆದ್ದ ಉಪಾಯ ಇನ್ನೊಂದೆಡೆ ಸೋತಿದೆ. ಇಟ್ಟುಕೊಂಡದ್ದನ್ನು ನೋಡಿಕೊಳ್ಳುವ ಜನ ನಿಮ್ಮಲ್ಲಿದ್ದಾರೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೂರನೆಯ ಬಗೆಯ ನಡೆ ಪ್ಯಾರಿಸ್ಸಿನದು. 2024ರ ಆಗಸ್ಟ್ ಮೊದಲ ವಾರ, ಗ್ರಾಂ ಪಾಲೆ ಎಂಬ ಪ್ರದರ್ಶನ ಭವನದಲ್ಲಿ ಒಲಿಂಪಿಕ್ಸ್ ಕತ್ತಿವರಸೆ ನಡೆಯುತ್ತಿದ್ದ ದಿನಗಳಲ್ಲೇ ಆ ಭವನವನ್ನು ನಡೆಸುವ ಸಂಸ್ಥೆಯ ಮೇಲೆ ದಾಳಿಯಾಯಿತು. ಫ್ರಾನ್ಸಿನ ಹಲವಾರು ಮ್ಯೂಸಿಯಂಗಳೊಳಗಿನ ಪುಸ್ತಕದಂಗಡಿಗಳ ಲೆಕ್ಕ ಅದರ ವ್ಯವಸ್ಥೆಗೆ ಜೋಡಣೆಯಾಗಿತ್ತು. ಕೇಂದ್ರದ ಸಂಪರ್ಕ ಕಡಿದು ಒಂದೊಂದು ಅಂಗಡಿಯೂ ತನ್ನಷ್ಟಕ್ಕೆ ತಾನು ವ್ಯಾಪಾರ ಮುಂದುವರಿಸುವಂತೆ ಮಾಡಿದರು. ಒಲಿಂಪಿಕ್ಸ್ ಪಂದ್ಯಗಳೂ ನಡೆದವು. ಏಟು ಬಿದ್ದಾಗ ಒಂದು ಕೈಯಾದರೂ ಆಡುವಂತೆ ಮೊದಲೇ ಕಟ್ಟಿಕೊಂಡಿದ್ದರೆ ಹೀಗಾಗುತ್ತದೆ.

ಲೂವ್ರ್ ಮ್ಯೂಸಿಯಂನ ಪಾಸ್‌ವರ್ಡ್ 'ಲೂವ್ರ್' ಎಂದೇ ಇತ್ತಂತೆ. ಆಭರಣ ಕಳವಾದದ್ದು ಅದರಿಂದಲೇ?

ಅಲ್ಲ. ಈ ಎರಡು ಸುದ್ದಿಗಳನ್ನು ಒಂದೇ ದಾರದಲ್ಲಿ ಪೋಣಿಸಿ ಹಂಚಿದವರು ಬಹಳ. 2025ರ ಅಕ್ಟೋಬರ್ 19ರಂದು ಕಳ್ಳರು ಬಂದದ್ದು ಸಾಮಾನು ಏರಿಸುವ ಲಿಫ್ಟ್ ಲಾರಿಯಲ್ಲಿ, ಕಿಟಕಿ ಮತ್ತು ಪೆಟ್ಟಿಗೆ ಕೊರೆದದ್ದು ಕತ್ತರಿಸುವ ಯಂತ್ರದಲ್ಲಿ. ಕೆಲವೇ ನಿಮಿಷಗಳಲ್ಲಿ ಸುಮಾರು 8.8 ಕೋಟಿ ಯೂರೋ ಬೆಲೆಯ ಎಂಟು ಆಭರಣಗಳು ಹೋದವು. ಅದಕ್ಕೆ ಪಾಸ್‌ವರ್ಡ್ ಬೇಕಾಗಿರಲಿಲ್ಲ.

ಪಾಸ್‌ವರ್ಡ್ ಕಥೆ 2014ರದು. ಫ್ರಾನ್ಸಿನ ಸೈಬರ್ ಭದ್ರತಾ ಸಂಸ್ಥೆ ಆ ವರ್ಷ ಲೂವ್ರ್ ಜಾಲವನ್ನು ಪರೀಕ್ಷಿಸಿತ್ತು. ಕ್ಯಾಮೆರಾ ನಿರ್ವಹಿಸುವ ಸರ್ವರ್‌ಗೆ ಮ್ಯೂಸಿಯಂನ ಹೆಸರೇ ಪಾಸ್‌ವರ್ಡ್, ಇನ್ನೊಂದು ತಂತ್ರಾಂಶಕ್ಕೆ ಅದನ್ನು ತಯಾರಿಸಿದ ಕಂಪನಿಯ ಹೆಸರೇ ಪಾಸ್‌ವರ್ಡ್, ಕೆಲವು ಯಂತ್ರಗಳಲ್ಲಿ ವಿಂಡೋಸ್ 2000. ಕಳವಿನ ನಂತರ ಫ್ರೆಂಚ್ ಪತ್ರಿಕೆಯೊಂದು ಆ ದಾಖಲೆಗಳನ್ನು ಹೊರತೆಗೆದಾಗ ಜಗತ್ತು ನಕ್ಕಿತು. ನಗುವ ಮೊದಲು ನಮ್ಮ ಮನೆಯ ವೈಫೈ ಪಾಸ್‌ವರ್ಡ್ ಏನೆಂದು ನೆನಪಿಸಿಕೊಳ್ಳುವುದು ಒಳ್ಳೆಯದು.

ಸೈಬರ್ ದಾಳಿಗೂ ಕಳವಿಗೂ ನಂಟು ಕಾಣುವ ಪ್ರಕರಣ ಅದೇ ಊರಿನ ಪ್ರಾಕೃತಿಕ ಇತಿಹಾಸ ಮ್ಯೂಸಿಯಂನದು. 2025ರ ಜುಲೈ ಕೊನೆಯಲ್ಲಿ ಅದರ ಜಾಲ ದಾಳಿಗೆ ಸಿಕ್ಕಿತ್ತು. ಸೆಪ್ಟೆಂಬರ್ 16ರ ಬೆಳಗಿನ ಜಾವ ಅಲ್ಲಿಂದ ಸುಮಾರು ಆರು ಕಿಲೋ ನೈಸರ್ಗಿಕ ಚಿನ್ನದ ಗಟ್ಟಿಗಳು ಕಳುವಾದವು. ಜುಲೈ ದಾಳಿಯಿಂದ ಅಲಾರಂ ಮತ್ತು ಕಣ್ಗಾವಲು ವ್ಯವಸ್ಥೆ ಕೆಟ್ಟಿತ್ತೆಂದು ಪತ್ರಿಕೆಗಳು ಬರೆದವು. ಕಂಪ್ಯೂಟರ್ ವಿಭಾಗ ಬೇರೆ, ಕಾವಲು ವಿಭಾಗ ಬೇರೆ ಎಂದು ಎರಡು ಕಡತಗಳಲ್ಲಿ ಇಟ್ಟುಕೊಂಡ ಎಲ್ಲ ಸಂಸ್ಥೆಗಳೂ ಓದಬೇಕಾದ ಸುದ್ದಿ ಇದು.

ಒಳಗಿನವರೇ ಕೈಕೊಟ್ಟರೆ?

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾವ ಅಂಕವೂ ಕಾಯುವುದಿಲ್ಲ. 2025ರ ಜನವರಿಯಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ, ಹಿಂದಿನ ವಾರವಷ್ಟೇ ಕೆಲಸದಿಂದ ತೆಗೆದಿದ್ದ ಒಬ್ಬ ಐಟಿ ಗುತ್ತಿಗೆದಾರ ಕಟ್ಟಡದೊಳಗೆ ಹೋಗಿ ಹಲವು ವ್ಯವಸ್ಥೆಗಳನ್ನು ನಿಲ್ಲಿಸಿದ. ಪೊಲೀಸರು ಬಂಧಿಸಿದರು, ಆದರೆ ಆ ವಾರಾಂತ್ಯ ವಿಶೇಷ ಪ್ರದರ್ಶನಗಳನ್ನು ಮುಚ್ಚಬೇಕಾಯಿತು. ಕೆಲಸ ಬಿಟ್ಟವರ ಬೀಗದ ಕೈ ಎಷ್ಟು ಗಂಟೆಯೊಳಗೆ ವಾಪಸು ಬರುತ್ತದೆ ಎಂದು ಯಾವ ಮ್ಯೂಸಿಯಂನಲ್ಲಾದರೂ ಕೇಳಿ ನೋಡಿ. ಬಹುಪಾಲು ಕಡೆ ಉತ್ತರಕ್ಕೆ ಮುಂಚೆ ಒಂದು ಮೌನ ಬರುತ್ತದೆ.

ಇಮೇಲ್ ಭದ್ರತೆಗೆ ಇಷ್ಟೊಂದು ಅಂಕ ಕೊಡುವುದು ಅತಿಯಲ್ಲವೇ?

ನೆದರ್ಲೆಂಡ್ಸ್‌ನ ಎನ್ಸ್‌ಖೆಡೆ ಪಟ್ಟಣದ ರೈಕ್ಸ್‌ಮ್ಯೂಸಿಯಂ ಟ್ವೆಂಟೆಯನ್ನು ಕೇಳಿದರೆ ಅತಿಯಲ್ಲ ಎನ್ನುತ್ತದೆ. ಅದು ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್ಸ್‌ಟಬಲ್‌ನ ಒಂದು ನಿಸರ್ಗಚಿತ್ರ ಕೊಳ್ಳಲು ಲಂಡನ್ನಿನ ವ್ಯಾಪಾರಿಯೊಬ್ಬರ ಜೊತೆ ಇಮೇಲ್‌ನಲ್ಲಿ ಮಾತುಕತೆ ನಡೆಸಿತ್ತು. ನಡುವೆ ಯಾರೋ ನುಸುಳಿ, ವ್ಯಾಪಾರಿಯ ಹೆಸರಿನಲ್ಲಿ ಬೇರೊಂದು ಬ್ಯಾಂಕ್ ಖಾತೆ ಸಂಖ್ಯೆ ಕಳಿಸಿದರು. ಮ್ಯೂಸಿಯಂ 24 ಲಕ್ಷ ಪೌಂಡ್ ಹಾಕಿತು. ಹಣ ಹಾಂಗ್‌ಕಾಂಗ್‌ನಲ್ಲಿ ಮಾಯ. ಚಿತ್ರ ಮ್ಯೂಸಿಯಂ ಬಳಿ, ಹಣ ಕಳ್ಳರ ಬಳಿ, ತಪ್ಪು ನಿಮ್ಮದು ಎಂಬ ಜಗಳ ಲಂಡನ್ ನ್ಯಾಯಾಲಯದ ಮೆಟ್ಟಿಲೇರಿತು. ಖಾತೆ ಸಂಖ್ಯೆ ಬದಲಾಗಿದೆ ಎಂದಾಗ ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು.

ಹಾಗಾದರೆ ಎರಡು ಮ್ಯೂಸಿಯಂಗಳನ್ನು ನೀವು ಹೇಗೆ ಹೋಲಿಸುತ್ತೀರಿ?

ಅಂಕ ನೋಡುತ್ತೇನೆ, ಆದರೆ ಕೊನೆಯಲ್ಲಿ. ಮೊದಲು ನೋಡುವುದು ಬಿದ್ದ ಮೇಲೆ ಎಷ್ಟು ದಿನಕ್ಕೆ ಎದ್ದರು ಎಂದು. ಬೀಳದವರಾದರೆ, ಬ್ಯಾಕಪ್‌ನಿಂದ ಇಡೀ ಕ್ಯಾಟಲಾಗ್ ಅನ್ನು ಖಾಲಿ ಯಂತ್ರದ ಮೇಲೆ ಮತ್ತೆ ಕಟ್ಟುವ ತಾಲೀಮು ಕೊನೆಯ ಬಾರಿಗೆ ಯಾವಾಗ ಆಯಿತು ಎಂದು ಕೇಳುತ್ತೇನೆ. ಬ್ಯಾಕಪ್ ಇದೆ ಎಂಬ ಉತ್ತರಕ್ಕೆ ನಾನು ಅಂಕ ಕೊಡುವುದಿಲ್ಲ.

ಅಷ್ಟೇ ತೂಕ ಪ್ರಾಮಾಣಿಕತೆಗೆ. 2024ರ ಮಾರ್ಚ್‌ನಲ್ಲಿ ಬ್ರಿಟಿಷ್ ಲೈಬ್ರರಿ ತನ್ನ ಸೋಲನ್ನು ತಾನೇ ಬಿಡಿಸಿ ಬರೆದು ಪ್ರಕಟಿಸಿತು. ಮೇಲೆ ಹೇಳಿದ ಅದರ ತಪ್ಪುಗಳೆಲ್ಲ ನಮಗೆ ಗೊತ್ತಿರುವುದು ಅದೇ ಹೇಳಿದ್ದರಿಂದ. ಹೊರಗಿನ ಅಂಕಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ. ನನ್ನ ಪಟ್ಟಿಯಲ್ಲಿ, ಬಾಯಿ ಬಿಡದೆ 'ತಾಂತ್ರಿಕ ತೊಂದರೆ' ಎಂಬ ಫಲಕ ಹಾಕಿ ಕುಳಿತ ಸಂಸ್ಥೆಗಳಿಗಿಂತ ಅದು ಎಷ್ಟೋ ಮೇಲೆ.

ಆಮೇಲೆ ಉಳಿದವು: ಬಳಕೆಯಲ್ಲಿರುವ ಅತಿ ಹಳೆಯ ಯಂತ್ರ ಯಾವುದು, ಹೊರಗಿನ ಎಷ್ಟು ಜನರಿಗೆ ಒಳಗೆ ಬರುವ ಅನುಮತಿ ಇದೆ, ಕ್ಯಾಮೆರಾ ಜಾಲ ಟಿಕೆಟ್ ಜಾಲಕ್ಕೆ ಅಂಟಿಕೊಂಡಿದೆಯೇ. ಅಮೆರಿಕದ ಮಾನದಂಡ ಸಂಸ್ಥೆಯಾದ ಎನ್ಐಎಸ್‌ಟಿಯ ಸೈಬರ್ ಭದ್ರತಾ ಚೌಕಟ್ಟು 2024ರ ಆವೃತ್ತಿಯಲ್ಲಿ ಆಡಳಿತ, ಗುರುತಿಸುವಿಕೆ, ರಕ್ಷಣೆ, ಪತ್ತೆ, ಪ್ರತಿಕ್ರಿಯೆ, ಚೇತರಿಕೆ ಎಂದು ಆರು ಭಾಗ ಮಾಡುತ್ತದೆ. ಹೊರಗಿನ ಅಂಕಗಳು ಅಳೆಯುವುದು ಹೆಚ್ಚಾಗಿ ಮೂರನೆಯದನ್ನು, ಅದೂ ಅರ್ಧದಷ್ಟು.

ಕರ್ನಾಟಕದ ಮ್ಯೂಸಿಯಂಗಳನ್ನು ಹೀಗೆ ಹೋಲಿಸಬಹುದೇ?

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ನಡೆದರೆ ಕಷ್ಟ ಏನೆಂದು ತಿಳಿಯುತ್ತದೆ. ಆತಕೂರು ಶಾಸನವಿರುವ ಸರ್ಕಾರಿ ವಸ್ತುಸಂಗ್ರಹಾಲಯ ರಾಜ್ಯದ ಇಲಾಖೆಯದು. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ ಕೇಂದ್ರದ ವಿಜ್ಞಾನ ಮ್ಯೂಸಿಯಂ ಪರಿಷತ್ತಿನದು. 2020ರಲ್ಲಿ ಮೊದಲು ಆನ್‌ಲೈನಿನಲ್ಲೇ ಬಾಗಿಲು ತೆರೆದು 2023ರಲ್ಲಿ ಕಟ್ಟಡಕ್ಕೆ ಬಂದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಮ್ಯಾಪ್ ಖಾಸಗಿ. ಒಂದೇ ರಸ್ತೆ, ಆದರೆ ಯಂತ್ರಗಳ ಒಡೆಯರು ಬೇರೆ, ಬಜೆಟ್ ಬೇರೆ, ಕೇಳುವ ಮೇಲಧಿಕಾರಿ ಬೇರೆ. ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆದರೆ ಅರ್ಥವಿಲ್ಲ.

ನಿಯಮಗಳು ಮಾತ್ರ ಇವೆ. ಸೈಬರ್ ಘಟನೆಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ, ಸೈಬರ್ ಘಟನೆಯನ್ನು ಗಮನಿಸಿದ 6 ಗಂಟೆಗಳೊಳಗೆ ಅದಕ್ಕೆ ತಿಳಿಸಬೇಕು, ಯಂತ್ರಗಳಲ್ಲಿ ಯಾವಾಗ ಏನು ನಡೆಯಿತು ಎಂಬ ಲಾಗ್ ದಾಖಲೆಗಳನ್ನು 180 ದಿನ ಇಡಬೇಕು. ಇದು ಸರ್ಕಾರಿ ಸಂಸ್ಥೆಗಳಿಗೂ ಅನ್ವಯ. ಕೇಂದ್ರದ ಹಲವು ರಾಷ್ಟ್ರೀಯ ಮ್ಯೂಸಿಯಂಗಳ ಡಿಜಿಟಲ್ ದಾಖಲೆಗೆ ಬಳಸುವುದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ 'ಜತನ್' ಎಂಬ ಒಂದೇ ತಂತ್ರಾಂಶ. ಹೆಸರು ಚೆನ್ನಾಗಿದೆ. ಗ್ಯಾಲರಿ ಸಿಸ್ಟಮ್ಸ್ ಪ್ರಕರಣ ಓದಿದ ಮೇಲೆ, ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿದ್ದರೆ ಬುಟ್ಟಿಯನ್ನು ಎಷ್ಟು ಜತನ ಮಾಡಬೇಕು ಎಂಬ ಯೋಚನೆ ಬರದೆ ಇರುವುದಿಲ್ಲ.

ಅಂದ ಹಾಗೆ ಆತಕೂರಿನ ಆ ಕಲ್ಲಿನಲ್ಲಿ ಕಾಳಿ ಎಂಬ ನಾಯಿ ಕಾಡುಹಂದಿಯೊಂದಿಗೆ ಹೋರಾಡಿ ಸತ್ತ ಕಥೆ ಇದೆ, ಹತ್ತನೆಯ ಶತಮಾನದ್ದು. ಅದು ಬ್ಯಾಕಪ್ ಇಲ್ಲದೆಯೇ ಸಾವಿರ ವರ್ಷ ಉಳಿದಿದೆ.

ನನಗೆ ಕುತೂಹಲ. ಒಂದು ಮ್ಯೂಸಿಯಂನ ತಾಣವನ್ನು ನಾನೇ ಪರೀಕ್ಷಿಸಬಹುದೇ?

ಹೊರಗಿನಿಂದ ಎಲ್ಲರಿಗೂ ಕಾಣುವುದನ್ನು ನೋಡಬಹುದು. ಕ್ವಾಲಿಸ್‌ನ ಎಸ್‌ಎಸ್‌ಎಲ್ ಲ್ಯಾಬ್ಸ್, ಮೊಜಿಲ್ಲಾದ ಅಬ್ಸರ್ವೇಟರಿ, ನೆದರ್ಲೆಂಡ್ಸ್‌ನ ಇಂಟರ್ನೆಟ್ ಡಾಟ್ ಎನ್ಎಲ್ ಎಂಬ ಪರೀಕ್ಷಾ ತಾಣಗಳು ಉಚಿತ. ತಾಣದ ವಿಳಾಸ ಹಾಕಿದರೆ ದರ್ಜೆ ಬರುತ್ತದೆ. ಅದಕ್ಕಿಂತ ಮುಂದೆ ಹೋಗಿ ಪಾಸ್‌ವರ್ಡ್ ಊಹಿಸುವುದು, ದೌರ್ಬಲ್ಯ ಹುಡುಕುವ ತಂತ್ರಾಂಶವನ್ನು ಅನುಮತಿಯಿಲ್ಲದೆ ಹಾಯಿಸುವುದು ಬೇಡ. ಉದ್ದೇಶ ಒಳ್ಳೆಯದಿದ್ದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೆಯ ಕಲಮುಗಳ ಕೈಗೆ ಸಿಕ್ಕಿಬೀಳಬಹುದು. ಏನಾದರೂ ಕಣ್ಣಿಗೆ ಬಿದ್ದರೆ ಸರ್ಟ್-ಇನ್‌ಗೆ ಬರೆಯಿರಿ, ಫೇಸ್‌ಬುಕ್‌ಗೆ ಅಲ್ಲ.

ಕೇಳಿದ ಹಣ ಕೊಟ್ಟುಬಿಟ್ಟರೆ ತೊಂದರೆ ಮುಗಿಯುವುದಿಲ್ಲವೇ?

2020ರಲ್ಲಿ ದಾನಿಗಳ ಮಾಹಿತಿ ನಿರ್ವಹಿಸುವ ಬ್ಲ್ಯಾಕ್‌ಬಾಡ್ ಕಂಪನಿ ಹಾಗೆಯೇ ಕೊಟ್ಟಿತು. ಕದ್ದ ಪ್ರತಿಯನ್ನು ಅಳಿಸಿದ್ದೇವೆ ಎಂದು ಕಳ್ಳರು ಮಾತು ಕೊಟ್ಟರು. ಗ್ರಾಹಕರಲ್ಲಿ ಮ್ಯೂಸಿಯಂಗಳೂ ವಿಶ್ವವಿದ್ಯಾಲಯಗಳೂ ಇದ್ದವು. ಆದರೂ ಆ ಸೋರಿಕೆಗಾಗಿ ಕಂಪನಿ 2023ರಲ್ಲಿ ಅಮೆರಿಕದ ರಾಜ್ಯಗಳಿಗೆ ಮತ್ತೆ 4.95 ಕೋಟಿ ಡಾಲರ್ ತೆರಬೇಕಾಯಿತು.

ನಾನು ಸದಸ್ಯನಾಗಿದ್ದ ಮ್ಯೂಸಿಯಂನಿಂದ ಮಾಹಿತಿ ಸೋರಿದೆ ಎಂಬ ಪತ್ರ ಬಂದಿದೆ. ಏನು ಮಾಡಲಿ?

ಪತ್ರದೊಳಗಿನ ಲಿಂಕ್ ಒತ್ತಬೇಡಿ, ಆ ಪತ್ರವೇ ಮೋಸದ್ದಿರಬಹುದು. ಮ್ಯೂಸಿಯಂನ ತಾಣಕ್ಕೆ ನೀವೇ ವಿಳಾಸ ಟೈಪ್ ಮಾಡಿ ಹೋಗಿ ಸುದ್ದಿ ನಿಜವೇ ಎಂದು ನೋಡಿ. ಅಲ್ಲಿ ಬಳಸಿದ ಪಾಸ್‌ವರ್ಡ್ ಅನ್ನೇ ಇಮೇಲ್‌ಗೂ ಬ್ಯಾಂಕಿಗೂ ಇಟ್ಟಿದ್ದರೆ ಮೊದಲು ಆ ಎರಡನ್ನು ಬದಲಿಸಿ, ಮ್ಯೂಸಿಯಂನದು ಆಮೇಲೆ. ಮುಂದಿನ ಕೆಲವು ತಿಂಗಳು ಅದರ ಹೆಸರಿನಲ್ಲಿ ದೇಣಿಗೆ ಕೇಳಿ ಯಾರಾದರೂ ಬರೆದರೆ, ಸದಸ್ಯತ್ವದ ಕಾರ್ಡಿನ ಹಿಂದೆ ಅಚ್ಚಾಗಿರುವ ಸಂಖ್ಯೆಗೆ ಫೋನ್ ಮಾಡಿ ಕೇಳಿದ ನಂತರವೇ ಹಣ ಕಳಿಸಿ.